ಬೆಟ್ಟ, ಮೋಡ ಮತ್ತು ಸಣ್ಣ ವಿಮಾನ: ತಪ್ಪು ಪೈಲಟ್‌ನದು ಮಾತ್ರವೇ?

2025ರ ಜೂನ್ 15ರ ಭಾನುವಾರ ಬೆಳಗಿನ ಐದೂವರೆಯ ಸುಮಾರಿಗೆ ಕೇದಾರನಾಥದಿಂದ ಗುಪ್ತಕಾಶಿಯತ್ತ ಮರಳುತ್ತಿದ್ದ ಬೆಲ್ 407 ಹೆಲಿಕಾಪ್ಟರೊಂದು ಗೌರಿಕುಂಡದ ಬಳಿಯ ಕಾಡಿನಲ್ಲಿ ಪತನಗೊಂಡಿತು. ಎರಡು ವರ್ಷ ತುಂಬದ ಮಗುವೂ ಸೇರಿದಂತೆ ಅದರಲ್ಲಿದ್ದ ಏಳು ಮಂದಿಯೂ ಅಸುನೀಗಿದರು. ಕಣಿವೆಯಲ್ಲಿ ಆ ಹೊತ್ತಿಗೆ ಮೋಡ ಮತ್ತು ಮಂಜು ಕವಿದಿತ್ತು. ಮೂರು ದಿನಗಳ ಹಿಂದಷ್ಟೇ ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಉರುಳಿ 260 ಜನ ಸತ್ತಿದ್ದರಿಂದ ದೇಶದ ಗಮನವೆಲ್ಲ ಅತ್ತಲೇ ನೆಟ್ಟಿತ್ತು. ಹಿಮಾಲಯದ ಈ ಏಳು ಸಾವುಗಳು ಒಂದೆರಡು ದಿನ ಸುದ್ದಿಯಾಗಿ ಮರೆಯಾದವು.

ಆದರೆ ಇದು ಒಂಟಿ ಘಟನೆಯಾಗಿರಲಿಲ್ಲ. ಆ ವರ್ಷದ ಚಾರ್‌ಧಾಮ್ ಯಾತ್ರೆ ಆರಂಭವಾದ ಆರೇ ವಾರಗಳಲ್ಲಿ ಉತ್ತರಾಖಂಡದಲ್ಲಿ ಸಂಭವಿಸಿದ ಐದನೆಯ ಹೆಲಿಕಾಪ್ಟರ್ ಅವಘಡವದು. ಮೇ 8ರಂದು ಗಂಗೋತ್ರಿಯ ಹಾದಿಯ ಗಂಗ್‌ನಾನಿ ಬಳಿ ಆರು ಮಂದಿ ಮಡಿದಿದ್ದರು. ಮೇ 17ರಂದು ಕೇದಾರದಲ್ಲಿ ಇಳಿಯುವಾಗ ಏರ್ ಆಂಬ್ಯುಲೆನ್ಸ್ ಒಂದರ ಬಾಲ ಮುರಿದಿತ್ತು. ಜೂನ್ 7ರಂದು ಮತ್ತೊಂದು ಹೆಲಿಕಾಪ್ಟರ್ ಹೆದ್ದಾರಿಯ ಮೇಲೆಯೇ ತುರ್ತಾಗಿ ಇಳಿದಿತ್ತು. ಇವೆಲ್ಲಕ್ಕೂ ಹವಾಮಾನವೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಗಂಗ್‌ನಾನಿಯಲ್ಲಿ ರಸ್ತೆಯ ಮೇಲೆ ಇಳಿಯಲು ಯತ್ನಿಸುವಾಗ ಹೆಲಿಕಾಪ್ಟರಿನ ರೆಕ್ಕೆ ಮೇಲೆ ಹಾದುಹೋಗಿದ್ದ ಕೇಬಲ್ಲಿಗೆ ತಗುಲಿತೆಂದು ಪ್ರಾಥಮಿಕ ತನಿಖೆ ಹೇಳಿದೆ. ಹಾಗಿದ್ದರೂ ಅತಿ ಹೆಚ್ಚು ಜೀವ ತೆಗೆಯುವ ಅಪಘಾತಗಳ ಪಟ್ಟಿಯಲ್ಲಿ ಬೆಟ್ಟ, ಮೋಡ ಮತ್ತು ಸಣ್ಣ ವಿಮಾನ ಎಂಬ ಮೂರೂ ಒಟ್ಟಿಗೆ ಸೇರಿದ ಪ್ರಕರಣಗಳು ಮತ್ತೆ ಮತ್ತೆ ಕಾಣಿಸುತ್ತವೆ.

ಪ್ರತಿ ದುರಂತದ ನಂತರ ನಡೆಯುವ ವಿಧಿಗಳೂ ನಮಗೆ ಬಾಯಿಪಾಠವಾಗಿವೆ. ಸಂತಾಪ ಸೂಚನೆ, ಪರಿಹಾರದ ಘೋಷಣೆ, ತನಿಖೆಗೆ ಆದೇಶ, ಎರಡು ದಿನ ಹಾರಾಟ ಸ್ಥಗಿತ. ಕೊನೆಗೆ ಹೊರಬೀಳುವ ವರದಿಯಲ್ಲಿ ‘ಪೈಲಟ್‌ನ ಲೋಪ’ ಎಂಬ ಎರಡು ಪದ. ಸತ್ತವನು ಪ್ರತಿವಾದ ಮಾಡಲಾರ. ಕಡತ ಅಲ್ಲಿಗೆ ಮುಚ್ಚುತ್ತದೆ. ಆ ಎರಡು ಪದಗಳ ಹಿಂದೆ ಏನೇನು ಅಡಗಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೆಟ್ಟ ಬೇರೆ, ಕಥೆ ಒಂದೇ

ನೇಪಾಳದ ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನದಲ್ಲಿ ಸುಮಾರು ಇಪ್ಪತ್ತು ನಿಮಿಷಗಳ ಪಯಣ. ಹಾದಿ ಮಾತ್ರ ಜಗತ್ತಿನ ಅತ್ಯಂತ ಆಳವಾದ ಕಮರಿಗಳಲ್ಲೊಂದಾದ ಕಾಳಿ ಗಂಡಕಿಯದು. ಒಂದು ಬದಿಗೆ 8,167 ಮೀಟರ್ ಎತ್ತರದ ಧವಳಗಿರಿ, ಮತ್ತೊಂದು ಬದಿಗೆ 8,091 ಮೀಟರ್‌ನ ಅನ್ನಪೂರ್ಣಾ. ಮುಕ್ತಿನಾಥ ದರ್ಶನಕ್ಕೆ ಹೊರಡುವ ಭಾರತೀಯ ಯಾತ್ರಿಕರಿಗೆ ಈ ಮಾರ್ಗ ಚಿರಪರಿಚಿತ. 2016ರ ಫೆಬ್ರವರಿ 24ರಂದು ಈ ಮಾರ್ಗದಲ್ಲಿ ತಾರಾ ಏರ್ ಸಂಸ್ಥೆಯ ಟ್ವಿನ್ ಆಟರ್ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 23 ಮಂದಿ ಸತ್ತರು. ಕಣ್ಣಿಗೆ ನೆಲ ಕಾಣುವಂತೆಯೇ ಹಾರಬೇಕಾದ ವಿಮಾನವನ್ನು ಸಿಬ್ಬಂದಿ ಪದೇ ಪದೇ ಮೋಡದೊಳಕ್ಕೆ ಒಯ್ದದ್ದು ಕಾರಣವೆಂದು ತನಿಖೆ ಹೇಳಿತು. ಆರು ವರ್ಷಗಳ ತರುವಾಯ, 2022ರ ಮೇ 29ರಂದು, ಅದೇ ಮಾರ್ಗ, ಅದೇ ಸಂಸ್ಥೆ, ಅದೇ ಮಾದರಿಯ ವಿಮಾನ. ಈ ಬಾರಿ ನಾಲ್ವರು ಭಾರತೀಯರೂ ಸೇರಿ 22 ಜನ. ವರದಿ ಕೂಡ ಹೆಚ್ಚುಕಡಿಮೆ ಅದೇ!

2011ರ ಸೆಪ್ಟೆಂಬರ್ 25ರಂದು ಎವರೆಸ್ಟ್ ಶಿಖರವನ್ನು ಆಕಾಶದಿಂದ ತೋರಿಸಿ ಮರಳುತ್ತಿದ್ದ ಬುದ್ಧ ಏರ್‌ನ ಬೀಚ್‌ಕ್ರಾಫ್ಟ್ ವಿಮಾನ ಕಠ್ಮಂಡು ಕಣಿವೆಯ ಅಂಚಿನ ಗುಡ್ಡಕ್ಕೆ ಬಡಿದು 19 ಮಂದಿ ಮೃತಪಟ್ಟರು. ಅವರಲ್ಲಿ ಹತ್ತು ಜನ ಭಾರತೀಯರು. 2008ರ ಅಕ್ಟೋಬರ್ 8ರಂದು ಲುಕ್ಲಾದಲ್ಲಿ ಇಳಿಯುತ್ತಿದ್ದ ಯೇತಿ ಏರ್‌ಲೈನ್ಸ್ ವಿಮಾನದ ಮುಂದೆ ಮಂಜಿನ ಪರದೆ ಕವಿದು 18 ಮಂದಿ ಸತ್ತರು, ಬದುಕುಳಿದವರು ಒಬ್ಬರೇ. ಲುಕ್ಲಾದ ರನ್‌ವೇ ಕೇವಲ 527 ಮೀಟರ್ ಉದ್ದ. ಒಂದು ತುದಿಯಲ್ಲಿ ಪ್ರಪಾತ, ಇನ್ನೊಂದು ತುದಿಯಲ್ಲಿ ಬೆಟ್ಟ. ತಪ್ಪಿದರೆ ಮತ್ತೆ ಮೇಲೇರಿ ಸುತ್ತುಹಾಕಿ ಬರುವ ಅವಕಾಶ ಇಲ್ಲವೇ ಇಲ್ಲವೆನ್ನಬಹುದು.

ನಮ್ಮ ದೇಶದ ಪಟ್ಟಿಯೂ ಚಿಕ್ಕದಲ್ಲ. 2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಬೆಟ್ಟದ ಮೇಲೆ ಬಿತ್ತು. 2011ರ ಏಪ್ರಿಲ್ 30ರಂದು ತವಾಂಗ್‌ನಿಂದ ಇಟಾನಗರಕ್ಕೆ ಹೊರಟ ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಅವರ ಹೆಲಿಕಾಪ್ಟರ್ ಕಣ್ಮರೆಯಾಗಿ, ಅವಶೇಷ ಸಿಗಲು ಐದನೆಯ ದಿನದವರೆಗೆ ಕಾಯಬೇಕಾಯಿತು. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೊರಟ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಕೂನೂರಿನ ಬಳಿ ಪತನಗೊಂಡು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೇರಿ 14 ಮಂದಿ ಪ್ರಾಣ ಕಳೆದುಕೊಂಡರು. ಅಂದು ಬದುಕುಳಿದಿದ್ದ ಏಕೈಕ ವ್ಯಕ್ತಿ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ಬಳಿಕ ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದು ಕನ್ನಡಿಗರಿಗೆ ನೆನಪಿರಬಹುದು. 2022ರ ಅಕ್ಟೋಬರ್ 18ರಂದು ಕೇದಾರದ ಗರುಡ ಚಟ್ಟಿಯ ಬಳಿ ಮತ್ತೆ ಏಳು ಸಾವು.

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಗುಡ್ಡದಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಾಂಟ್ ಸಹಿತ ಒಂಬತ್ತು ಮಂದಿ, 2024ರ ಮೇ 19ರಂದು ಇರಾನಿನ ಬೆಟ್ಟಗಳಲ್ಲಿ ಆ ದೇಶದ ಅಧ್ಯಕ್ಷ ಇಬ್ರಾಹಿಂ ರಯೀಸಿ ಸಹಿತ ಎಂಟು ಮಂದಿ ಇದೇ ಬಗೆಯಲ್ಲಿ ಮಡಿದರು. ರಾಷ್ಟ್ರಾಧ್ಯಕ್ಷರಿರಲಿ, ಸೇನಾಧಿಪತಿಯಿರಲಿ, ಸಾಮಾನ್ಯ ಯಾತ್ರಿಕನಿರಲಿ, ಮೋಡಕ್ಕೆ ಪಂಕ್ತಿಭೇದವಿಲ್ಲ.

ಕಣ್ಣು ಸೋತಾಗ ಕಿವಿ ಹೇಳುವ ಸುಳ್ಳು

ಇಂಥ ಅಪಘಾತಗಳನ್ನು ತಿಳಿಯಬೇಕಾದರೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಆಕಾಶದಲ್ಲಿ ಹಾರಲು ಎರಡು ಬಗೆಯ ನಿಯಮಗಳಿವೆ. ಒಂದು, ಹೊರಗೆ ನೋಡುತ್ತ ನೆಲ, ದಿಗಂತ, ಬೆಟ್ಟಗಳನ್ನು ಗುರುತಿಸಿಕೊಂಡು ಹಾರುವುದು. ಎರಡು, ಹೊರಗೇನೂ ಕಾಣದಿದ್ದರೂ ಉಪಕರಣಗಳನ್ನು ನಂಬಿ, ನೆಲದ ನಿಯಂತ್ರಕರ ಸೂಚನೆಯಂತೆ ಹಾರುವುದು. ಬೆಂಗಳೂರಿನಿಂದ ದೆಹಲಿಗೆ ಹೋಗುವ ದೊಡ್ಡ ವಿಮಾನ ಎರಡನೆಯ ಬಗೆಯದು. ಕೇದಾರದ ಹೆಲಿಕಾಪ್ಟರ್ ಮತ್ತು ಜೋಮ್‌ಸೋಮ್‌ನ ಟ್ವಿನ್ ಆಟರ್ ಮೊದಲನೆಯ ಬಗೆಯವು. ಅಲ್ಲಿ ರಾಡಾರ್ ಕಣಿವೆಯೊಳಗೆ ಇಣುಕದು, ಬೆಟ್ಟ ಅಡ್ಡ ಬರುತ್ತದೆ. ಮೋಡದೊಳಗಿನಿಂದ ಇಳಿಸಿಕೊಡುವ ಮಾರ್ಗದರ್ಶಿ ಸಂಕೇತಗಳೂ ಇರುವುದಿಲ್ಲ. ಪೈಲಟ್‌ನ ಕಣ್ಣೇ ಅಲ್ಲಿ ಸರ್ವಸ್ವ.

ಆ ಕಣ್ಣಿಗೆ ಏಕಾಏಕಿ ಪರದೆ ಬಿದ್ದರೆ? ಮನುಷ್ಯ ತನ್ನ ಸಮತೋಲನವನ್ನು ಒಳಕಿವಿಯಲ್ಲಿರುವ ಅರೆವೃತ್ತಾಕಾರದ ನಾಳಗಳ ದ್ರವದ ಚಲನೆಯಿಂದ ಅರಿಯುತ್ತಾನೆ. ವಿಮಾನ ಒಂದೇ ಸಮನೆ ನಿಧಾನವಾಗಿ ತಿರುಗುತ್ತಿದ್ದರೆ ಕೆಲವು ಸೆಕೆಂಡುಗಳಲ್ಲಿ ಆ ದ್ರವವೂ ಅದೇ ವೇಗಕ್ಕೆ ಹೊಂದಿಕೊಂಡು, ತಾನು ನೇರವಾಗಿಯೇ ಹೋಗುತ್ತಿದ್ದೇನೆಂಬ ಭ್ರಮೆ ಹುಟ್ಟಿಸುತ್ತದೆ. ಆಗ ಉಪಕರಣ ನೋಡಿ ವಿಮಾನವನ್ನು ಸರಿಪಡಿಸಿದರೆ, ವಿರುದ್ಧ ದಿಕ್ಕಿಗೆ ವಾಲಿದಂತೆ ಭಾಸವಾಗುತ್ತದೆ! ದೇಹದ ಸಾಕ್ಷ್ಯ ಒಂದು, ಉಪಕರಣದ ಸಾಕ್ಷ್ಯ ಇನ್ನೊಂದು. ವರ್ಷಗಳ ಕಾಲ ನಂಬಿ ಬಾಳಿದ ದೇಹವನ್ನು ಆ ಕ್ಷಣದಲ್ಲಿ ಧಿಕ್ಕರಿಸುವುದು ನಿರಂತರ ಅಭ್ಯಾಸವಿಲ್ಲದವರಿಗೆ ಸುಲಭವಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಉಪಕರಣ ಹಾರಾಟದ ತರಬೇತಿಯಿಲ್ಲದ 20 ಮಂದಿಯನ್ನು ಕೃತಕವಾಗಿ ನಿರ್ಮಿಸಿದ ‘ಮೋಡ’ದ ಸ್ಥಿತಿಗೆ ಒಡ್ಡಿ ಪರೀಕ್ಷಿಸಿದರು. ಇಪ್ಪತ್ತೂ ಮಂದಿ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡ್, ಅಂದರೆ ಮೂರು ನಿಮಿಷಕ್ಕೂ ಎರಡು ಸೆಕೆಂಡ್ ಕಡಿಮೆ. ಏಳು ದಶಕಗಳ ನಂತರವೂ ವೈಮಾನಿಕ ತರಬೇತಿಯಲ್ಲಿ ಈ ಅಂಕಿಯನ್ನು ಉಲ್ಲೇಖಿಸುತ್ತಾರೆ. ವಿಮಾನ ಬದಲಾಗಿದೆ, ಮನುಷ್ಯನ ಕಿವಿ ಬದಲಾಗಿಲ್ಲ.

ಇನ್ನು ನಿಯಂತ್ರಣ ತಪ್ಪದಿದ್ದರೂ ಅಪಾಯ ತಪ್ಪಿದ್ದಲ್ಲ. ಯಂತ್ರ ಸರಿಯಿದ್ದು, ಪೈಲಟ್‌ನ ಹಿಡಿತದಲ್ಲಿಯೇ ಇದ್ದು, ಎದುರಿನ ಬೆಟ್ಟ ಕಾಣದೆ ನೇರವಾಗಿ ಹೋಗಿ ಅಪ್ಪಳಿಸುವ ಅಪಘಾತಗಳಿಗೆ ವಿಮಾನಯಾನದ ಪರಿಭಾಷೆಯಲ್ಲಿ ಪ್ರತ್ಯೇಕ ವರ್ಗವೇ ಇದೆ. ಜೋಮ್‌ಸೋಮ್ ಮಾರ್ಗದ ಎರಡೂ ದುರಂತಗಳನ್ನೂ, ಕೂನೂರಿನ ದುರಂತವನ್ನೂ ತನಿಖೆಗಾರರು ಈ ವರ್ಗಕ್ಕೇ ಸೇರಿಸಿದ್ದಾರೆ.

ತೆಳು ಗಾಳಿ, ಇಕ್ಕಟ್ಟಿನ ಕಣಿವೆ

ಮೋಡ ಕಂಡ ಕೂಡಲೇ ಹಿಂದಿರುಗಬಾರದೇ ಎಂದು ಓದುಗರು ಕೇಳಬಹುದು. ಬಯಲುಸೀಮೆಯಲ್ಲಿ ಅದು ಸರಿ. ಬೆಟ್ಟದಲ್ಲಿ ಹಿಂದಿರುಗುವುದಕ್ಕೂ ಜಾಗ ಬೇಕು.

ಕೇದಾರನಾಥ ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇ. 70ರಷ್ಟು ಮಾತ್ರ. ಬಿಸಿಲೇರಿದಂತೆ ಅದು ಇನ್ನಷ್ಟು ಕುಗ್ಗುತ್ತದೆ. ಗಾಳಿ ತೆಳುವಾದಷ್ಟೂ ಎಂಜಿನ್‌ನ ಕಸುವು, ರೆಕ್ಕೆಯ ಎತ್ತುವ ಬಲ ಎರಡೂ ಇಳಿಯುತ್ತವೆ. ಅದೇ ಪ್ರಮಾಣದ ಎತ್ತುವ ಬಲ ಪಡೆಯಲು ವಿಮಾನ ಗಾಳಿಯಲ್ಲಿ ಹೆಚ್ಚು ವೇಗವಾಗಿ ಸಾಗಬೇಕು. ವೇಗ ಹೆಚ್ಚಿದರೆ ತಿರುಗಲು ಬೇಕಾದ ಜಾಗವೂ ವೇಗದ ವರ್ಗಕ್ಕೆ ಅನುಗುಣವಾಗಿ ಹಿಗ್ಗುತ್ತದೆ. ಸಮುದ್ರಮಟ್ಟದಲ್ಲಿ ತಿರುಗಲು ಬೇಕಾಗುವುದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು ಅಗಲದ ಜಾಗ ಈ ಎತ್ತರದಲ್ಲಿ ಬೇಕಾಗುತ್ತದೆ. ಆದರೆ ಮೇಲಕ್ಕೆ ಹೋದಂತೆ ಕಣಿವೆ ಅಗಲವಾಗುವುದಿಲ್ಲ, ಕಿರಿದಾಗುತ್ತದೆ. ಹಿಂದಿರುಗಬೇಕೆಂಬ ತೀರ್ಮಾನವನ್ನು ಎರಡು ನಿಮಿಷ ಮುಂದೂಡಿದವನಿಗೆ ಆಮೇಲೆ ಹಿಂದಿರುಗುವ ದಾರಿಯೇ ಉಳಿದಿರುವುದಿಲ್ಲ.

ಹಾಗಾದರೆ ಬೆಟ್ಟದ ಮೇಲಿನಿಂದಲೇ ಹಾರಿಹೋಗಬಹುದಲ್ಲ? ಅದೂ ಸಾಧ್ಯವಿಲ್ಲ. ಟ್ವಿನ್ ಆಟರ್‌ನಂಥ ಸಣ್ಣ ವಿಮಾನದ ಒಳಾಂಗಣಕ್ಕೆ ಗಾಳಿಯೊತ್ತಡ ತುಂಬುವ ವ್ಯವಸ್ಥೆಯಿಲ್ಲ. ಎಂಟು ಸಾವಿರ ಮೀಟರ್‌ನ ಶಿಖರ ದಾಟುವಷ್ಟು ಮೇಲೇರಿದರೆ ಪ್ರಯಾಣಿಕರಿಗೆ ಉಸಿರಾಡಲು ಆಮ್ಲಜನಕವೇ ಸಾಲದು. ಆದ್ದರಿಂದ ಅದು ಶಿಖರಗಳ ನಡುವಿನ ಓಣಿಯಲ್ಲೇ ನುಸುಳಬೇಕು. ಆ ಓಣಿಗಳಿಗೆ ತಮ್ಮದೇ ಹವಾಮಾನವಿದೆ. ಸೂರ್ಯ ಮೇಲೇರಿದಂತೆ ಇಳಿಜಾರು ಕಾಯ್ದು ಗಾಳಿ ಕಣಿವೆಯ ಮೇಲ್ಮುಖವಾಗಿ ನುಗ್ಗುತ್ತದೆ. ಕಾಳಿ ಗಂಡಕಿಯಲ್ಲಿ ಹೊತ್ತೇರಿದ ಮೇಲೆ ಬೀಸುವ ಬಿರುಗಾಳಿಗೆ ಹೆದರಿಯೇ ಜೋಮ್‌ಸೋಮ್‌ನ ವಿಮಾನಗಳೆಲ್ಲ ಬೆಳಗಿನ ಹೊತ್ತಿಗೇ ಹಾರಾಟ ಮುಗಿಸುತ್ತವೆ. ತೇವ ಹೊತ್ತ ಗಾಳಿ ಬೆಟ್ಟವೇರುತ್ತ ತಣಿದಾಗ ಅದೇ ಮೋಡವಾಗುತ್ತದೆ. ಹತ್ತು ನಿಮಿಷದ ಹಿಂದೆ ನಿಚ್ಚಳವಾಗಿದ್ದ ಕಣಿವೆ ಈಗ ಹಾಲಿನ ಪಾತ್ರೆಯಂತಾಗಿರಬಹುದು. ರಾಜಧಾನಿಯಲ್ಲಿ ಕುಳಿತು ಕೊಡುವ ಜಿಲ್ಲಾವಾರು ಮುನ್ಸೂಚನೆ ಇದನ್ನು ಹಿಡಿಯಲಾರದು.

ಹೆಲಿಕಾಪ್ಟರಿಗೆ ಒಂದು ಅನುಕೂಲವಿದೆ. ವೇಗ ತಗ್ಗಿಸಬಹುದು, ಗದ್ದೆಯಲ್ಲೋ ರಸ್ತೆಯಲ್ಲೋ ಇಳಿದು ಮೋಡ ಸರಿಯುವವರೆಗೆ ಕಾಯಬಹುದು. ಆದರೆ ಮಂದಾಕಿನಿಯ ಕಡಿದಾದ ಕಣಿವೆಯಲ್ಲಿ ಸಮತಟ್ಟಾದ ಜಾಗಗಳು ಬೆರಳೆಣಿಕೆಯಷ್ಟು. ಇದ್ದಲ್ಲೂ ತಂತಿ, ಕೇಬಲ್ಲುಗಳ ಕಾಟ.

ಬಾಯಿ ಮುಚ್ಚಿಸಿದ ಎಚ್ಚರಿಕೆ ಗಂಟೆ

ಈ ಸಮಸ್ಯೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲವೇ? ಇದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಸಮೀಪ ಮೌಂಟ್ ವೆದರ್ ಬೆಟ್ಟಕ್ಕೆ ಟಿಡಬ್ಲ್ಯುಎ ಸಂಸ್ಥೆಯ ವಿಮಾನ ಬಡಿದು 92 ಮಂದಿ ಸತ್ತ ಬಳಿಕ, ನೆಲ ಹತ್ತಿರವಾದರೆ ಎಚ್ಚರಿಸುವ ಉಪಕರಣವನ್ನು ಅಮೆರಿಕ ದೊಡ್ಡ ವಿಮಾನಗಳಿಗೆ ಕಡ್ಡಾಯಗೊಳಿಸಿತು. ಡಾನ್ ಬೇಟ್‌ಮನ್ ಎಂಬ ಎಂಜಿನಿಯರ್ ರೂಪಿಸಿದ ಈ ಸಾಧನ 1990ರ ದಶಕದಲ್ಲಿ ಭೂಪಟದ ದತ್ತಾಂಶವನ್ನೂ ಜೋಡಿಸಿಕೊಂಡು, ಮುಂದಿರುವ ಬೆಟ್ಟವನ್ನೂ ಮೊದಲೇ ಹೇಳುವಷ್ಟು ಬೆಳೆಯಿತು. ದೊಡ್ಡ ವಿಮಾನಗಳು ಬೆಟ್ಟಕ್ಕೆ ಬಡಿಯುವ ಸುದ್ದಿ ಇಂದು ವಿರಳವಾಗಿದ್ದರೆ ಅದರ ಶ್ರೇಯಸ್ಸಿನ ದೊಡ್ಡ ಪಾಲು ಈ ಪೆಟ್ಟಿಗೆಗೆ ಸಲ್ಲಬೇಕು.

ಆದರೆ ಕಣಿವೆಯಲ್ಲಿ ಹಾರುವ ಸಣ್ಣ ವಿಮಾನದ ಪಾಡು ಬೇರೆ. ಎಡಕ್ಕೂ ಬೆಟ್ಟ, ಬಲಕ್ಕೂ ಬೆಟ್ಟ, ಎದುರಿಗೂ ಬೆಟ್ಟ. ಉಪಕರಣ ಬಾಯಿ ಮುಚ್ಚುವುದೇ ಇಲ್ಲ. ದಿನವೂ ಅನಗತ್ಯವಾಗಿ ಕಿರುಚುವ ಗಂಟೆಯನ್ನು ಸ್ವಿಚ್ ಒತ್ತಿ ಸುಮ್ಮನಾಗಿಸುವುದು ಕಾಲಕ್ರಮೇಣ ಅಭ್ಯಾಸವಾಗುತ್ತದೆ. 2022ರ ತಾರಾ ಏರ್ ದುರಂತದ ಅಂತಿಮ ವರದಿ ಹೇಳಿದ್ದು ಇದನ್ನೇ. ವಿಮಾನದಲ್ಲಿ ಎಚ್ಚರಿಕೆಯ ಸಾಧನವಿತ್ತು, ಆದರೆ ಅದನ್ನು ತಡೆಹಿಡಿಯಲಾಗಿತ್ತು. ಅರಿಯದೆ ಮೋಡ ಹೊಕ್ಕ ಸಿಬ್ಬಂದಿ ದಾರಿಯ ಮೇಲೆ ನಿಗಾ ಕಳೆದುಕೊಂಡರು. ಕೋಬಿ ಬ್ರಯಾಂಟ್ ಅವರಿದ್ದ ಹೆಲಿಕಾಪ್ಟರಿನಲ್ಲಂತೂ ಅಂಥ ಸಾಧನವೇ ಇರಲಿಲ್ಲ.

ಉಪಕರಣ ಕೊಂಡುತಂದು ಜೋಡಿಸಿದರೆ ಸುರಕ್ಷತೆ ಬರುತ್ತದೆಂದು ನಂಬುವವರು ಇದನ್ನು ಗಮನಿಸಬೇಕು. ಆ ಮಾರ್ಗಕ್ಕೆ ಹೊಂದುವಂತೆ ಅದನ್ನು ಅಳವಡಿಸಿ, ಯಾವಾಗ ಅದರ ಮಾತು ಕೇಳಲೇಬೇಕೆಂದು ತರಬೇತಿ ಕೊಟ್ಟು, ಕೇಳದಿದ್ದಾಗ ಪ್ರಶ್ನಿಸುವವರು ಇದ್ದರೆ ಮಾತ್ರ ಅದು ರಕ್ಷಣೆ. ಇಲ್ಲದಿದ್ದರೆ ಬರಿಯ ಅಲಂಕಾರ.

ಒತ್ತಡದ ಮೂಲ ಎಲ್ಲಿದೆ?

ಮೋಡ ಎದುರಿಗಿದೆ ಎಂದು ಗೊತ್ತಿದ್ದೂ ಅನುಭವಿ ಪೈಲಟ್ ಏಕೆ ಮುಂದುವರಿಯುತ್ತಾನೆ? ಇಲ್ಲಿ ಅನನುಭವಿಗಳ ಪ್ರಶ್ನೆಯೇ ಬರುವುದಿಲ್ಲ. ಮೇಲೆ ಹೇಳಿದ ಬಹುತೇಕ ಪ್ರಕರಣಗಳಲ್ಲಿ ಚುಕ್ಕಾಣಿ ಹಿಡಿದವರು ನುರಿತವರೇ.

ಮೊದಲನೆಯದು ಹಣದ ಲೆಕ್ಕ. ಕೇದಾರದ ಹೆಲಿಕಾಪ್ಟರ್ ಸೇವೆ ಷಟಲ್ ಮಾದರಿಯದು. ಗುಪ್ತಕಾಶಿ, ಫಾಟಾ, ಸಿರ್ಸಿಯಿಂದ ಒಂದು ಸುತ್ತಿಗೆ ಕೆಲವೇ ನಿಮಿಷ. ಯಾತ್ರೆಯ ಅವಧಿ ವರ್ಷದಲ್ಲಿ ಆರು ತಿಂಗಳು, ಅದರಲ್ಲೂ ಮಳೆಗಾಲ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಅಷ್ಟರಲ್ಲಿ ವರ್ಷದ ವಹಿವಾಟು ನಡೆಯಬೇಕು. ಬೆಳಿಗ್ಗೆ ಒಂದು ಗಂಟೆ ಮೋಡವಿತ್ತೆಂದರೆ ಆ ದಿನದ ಎಷ್ಟೋ ಸುತ್ತುಗಳು ನಷ್ಟ. ಜೂನ್ 15ರ ದುರಂತದ ಬಳಿಕ ದಾಖಲಾದ ಪೊಲೀಸ್ ದೂರಿನಲ್ಲಿ, ಆ ಸಂಸ್ಥೆಗೆ ನಿಗದಿಯಾಗಿದ್ದ ಮೊದಲ ಅವಧಿ ಬೆಳಿಗ್ಗೆ ಆರರಿಂದ ಏಳು ಗಂಟೆಯದಾಗಿತ್ತು, ಅಪಘಾತ ನಡೆದದ್ದು ಅದಕ್ಕೂ ಮೊದಲು ಎಂಬ ಆರೋಪವಿದೆ. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಕವಿದ ಕಣಿವೆಯಲ್ಲಿ ನಸುಕಿನಲ್ಲೇ ಹಾರುವ ಧಾವಂತ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕಾಕ್‌ಪಿಟ್‌ನಲ್ಲಿ ಮಾತ್ರ ಹುಡುಕಿದರೆ ಸಿಗದು.

ಎರಡನೆಯದು ಗಣ್ಯರ ಕಾರ್ಯಕ್ರಮ ಪಟ್ಟಿ. ಕಾಯುತ್ತಿರುವ ಜನಸಭೆ, ನಿಗದಿತ ಉದ್ಘಾಟನೆ ಇವುಗಳ ನಡುವೆ ‘ಇಂದು ಬೇಡ’ ಎನ್ನುವ ಧೈರ್ಯ ಎಷ್ಟು ಮಂದಿಗಿರುತ್ತದೆ? ಯಾರೂ ಬಾಯಿಬಿಟ್ಟು ಒತ್ತಾಯಿಸಬೇಕಾಗಿಲ್ಲ. ಕೋಬಿ ಬ್ರಯಾಂಟ್ ಪ್ರಕರಣದಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇದನ್ನು ಸೂಕ್ಷ್ಮವಾಗಿ ಗುರುತಿಸಿತು. ಗ್ರಾಹಕರಾಗಲಿ ಸಂಸ್ಥೆಯಾಗಲಿ ಪೈಲಟ್ ಮೇಲೆ ಒತ್ತಡ ಹೇರಿದ್ದಕ್ಕೆ ಪುರಾವೆಯಿಲ್ಲ, ಪೈಲಟ್ ತನ್ನ ಮೇಲೆ ತಾನೇ ಒತ್ತಡ ಹೇರಿಕೊಂಡಿರಬೇಕು ಎಂದಿತು. ಹೊರಟ ಮೇಲೆ ಹಿಡಿದ ಯೋಜನೆಯನ್ನು ಬಿಡಲಾರದ ಮನೋಧರ್ಮವನ್ನೂ, ಸುರಕ್ಷತಾ ವ್ಯವಸ್ಥೆಯ ಪರಾಮರ್ಶೆಯಲ್ಲಿ ಸಂಸ್ಥೆ ತೋರಿದ ಕೊರತೆಯನ್ನೂ ಎತ್ತಿ ಹೇಳಿತು.

ಮೂರನೆಯದು, ನಿನ್ನೆ ದಕ್ಕಿದ ಜಯ. ನಿನ್ನೆ ಇದೇ ಮೋಡದ ಸಂದಿಯಲ್ಲಿ ನುಸುಳಿ ಹೋಗಿದ್ದೆ, ಏನೂ ಆಗಲಿಲ್ಲ. ಮೊನ್ನೆಯೂ ಹಾಗೆಯೇ. ಮುಂದಿನ ಹೆಲಿಕಾಪ್ಟರೂ ಈಗಷ್ಟೇ ದಾಟಿ ಹೋಯಿತು. ಹೀಗೆ ನಿಯಮದ ಉಲ್ಲಂಘನೆ ದಿನನಿತ್ಯದ ರೂಢಿಯಾಗುತ್ತದೆ. ದುರಂತ ನಡೆದ ದಿನ ಪೈಲಟ್ ವಿಶೇಷವಾದ ತಪ್ಪನ್ನೇನೂ ಮಾಡಿರುವುದಿಲ್ಲ. ಎಂದಿನಂತೆಯೇ ಹಾರಿರುತ್ತಾನೆ. ಮೋಡ ಮಾತ್ರ ಅಂದು ತುಸು ಕೆಳಗಿರುತ್ತದೆ.

ಒಂದು ದುರಂತ, ಎರಡು ಹಣೆಪಟ್ಟಿ

ಕೂನೂರಿನ ದುರಂತದ ಬಗ್ಗೆ ಮೂರೂ ಪಡೆಗಳ ಜಂಟಿ ತನಿಖೆ 2022ರ ಜನವರಿಯಲ್ಲಿ ತನ್ನ ಪ್ರಾಥಮಿಕ ನಿಷ್ಕರ್ಷೆ ನೀಡಿತು. ಯಾಂತ್ರಿಕ ದೋಷವಲ್ಲ, ವಿಧ್ವಂಸಕ ಕೃತ್ಯವಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯ ಹವಾಮಾನದಲ್ಲಿ ಅನಿರೀಕ್ಷಿತ ಬದಲಾವಣೆಯಾಗಿ ಹೆಲಿಕಾಪ್ಟರ್ ಮೋಡ ಹೊಕ್ಕಿತು, ಪೈಲಟ್‌ಗೆ ದಿಗ್ಭ್ರಮೆಯಾಯಿತು ಎಂದಿತು. 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯಲ್ಲಿ ಅದೇ ಅಪಘಾತದ ಎದುರಿನ ಅಂಕಣದಲ್ಲಿ ಇದ್ದದ್ದು ‘ಮಾನವ ದೋಷ, ಸಿಬ್ಬಂದಿ’ ಎಂಬ ಒಂದು ನಮೂದು. ಎರಡೂ ತಾಂತ್ರಿಕವಾಗಿ ಸರಿಯಿರಬಹುದು. ಆದರೆ ಮೊದಲನೆಯದು ಓದಿದವನಿಗೆ ಏನಾಯಿತೆಂದು ತಿಳಿಯುತ್ತದೆ, ಎರಡನೆಯದು ಓದಿದವನಿಗೆ ಯಾರನ್ನು ದೂಷಿಸಬೇಕೆಂದಷ್ಟೇ ತಿಳಿಯುತ್ತದೆ.

ರಾಜಶೇಖರ ರೆಡ್ಡಿಯವರ ಪ್ರಕರಣದ ತನಿಖಾ ವರದಿಯೂ ಇಲ್ಲಿ ಸ್ಮರಣೀಯ. ಗೇರ್‌ಬಾಕ್ಸ್‌ನ ತೈಲ ಒತ್ತಡದ ಎಚ್ಚರಿಕೆಗೆ ಪರಿಹಾರ ಹುಡುಕುತ್ತ ಸಿಬ್ಬಂದಿ ಅಮೂಲ್ಯ ನಿಮಿಷಗಳನ್ನು ಕೈಪಿಡಿ ತಿರುವುವುದರಲ್ಲಿ ಕಳೆದರು, ಅಷ್ಟರಲ್ಲಿ ಮಳೆಮೋಡದ ಕೆಳಮುಖ ಗಾಳಿಗೆ ಸಿಲುಕಿದರು ಎಂದು ಅದು ವಿವರಿಸಿತು. ಇದರಲ್ಲಿ ಪೈಲಟ್ ಎಷ್ಟು, ತರಬೇತಿ ಎಷ್ಟು, ಅಂಥ ದಿನ ಹಾರಲು ಅನುಮತಿಸಿದ ವ್ಯವಸ್ಥೆ ಎಷ್ಟು?

ನೇಪಾಳದ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿ ವಿಮಾನ ನಿಲ್ದಾಣಗಳನ್ನು ನಡೆಸುವ ಪ್ರಾಧಿಕಾರವೇ ಸುರಕ್ಷತೆಯ ನಿಯಂತ್ರಕನೂ ಆಗಿದ್ದುದು ದೀರ್ಘಕಾಲ ಟೀಕೆಗೊಳಗಾಯಿತು. ಹೊಲದ ಬೇಲಿಯನ್ನೂ ಕಾವಲುಗಾರನನ್ನೂ ಒಂದೇ ಕೈಗೆ ಕೊಟ್ಟಂತೆ! 2013ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ನೇಪಾಳದ ಎಲ್ಲ ವಿಮಾನ ಸಂಸ್ಥೆಗಳನ್ನೂ ತನ್ನ ನಿಷೇಧ ಪಟ್ಟಿಗೆ ಸೇರಿಸಿತು. ಅದು ದೂಷಿಸಿದ್ದು ಯಾವೊಬ್ಬ ಪೈಲಟ್‌ನನ್ನೂ ಅಲ್ಲ, ಇಡೀ ಮೇಲ್ವಿಚಾರಣಾ ವ್ಯವಸ್ಥೆಯನ್ನು.

ಪೈಲಟ್‌ಗಳನ್ನು ದೋಷಮುಕ್ತಗೊಳಿಸುವ ವಾದ ಇದಲ್ಲ. ಪ್ರಯಾಣಿಕರ ಜೀವ ಅವರ ಕೈಯಲ್ಲಿರುತ್ತದೆ, ನಿಯಮ ಮುರಿದವರು ಉತ್ತರ ಹೇಳಲೇಬೇಕು. ಆದರೆ ಒಬ್ಬನ ತಪ್ಪು ಎಂದು ಬರೆದು ಮುಗಿಸಿದರೆ ಆ ಜಾಗಕ್ಕೆ ಬರುವ ಮುಂದಿನ ಪೈಲಟ್ ಅದೇ ವೇಳಾಪಟ್ಟಿ, ಅದೇ ಕಣಿವೆ, ಅದೇ ಅರೆಬರೆ ಹವಾಮಾನ ಮಾಹಿತಿಯೊಂದಿಗೆ ಹಾರುತ್ತಾನೆ. ಜೋಮ್‌ಸೋಮ್ ಮಾರ್ಗದಲ್ಲಿ ಆರು ವರ್ಷಗಳ ಅಂತರದಲ್ಲಿ ಆದದ್ದು ಅದೇ ಅಲ್ಲವೇ?

ದಾರಿ ಇಲ್ಲದಿಲ್ಲ

ರಸ್ತೆಗಳೇ ಇಲ್ಲದ ವಿಶಾಲ ಬೆಟ್ಟ ಪ್ರದೇಶ ಅಲಾಸ್ಕ. ಅಲ್ಲಿ ಸಣ್ಣ ವಿಮಾನವೆಂದರೆ ನಮ್ಮ ಹಳ್ಳಿಯ ಬಸ್ಸಿನಂತೆ. ಅಪಘಾತಗಳಿಂದ ಕಂಗೆಟ್ಟ ಅಮೆರಿಕದ ವಿಮಾನಯಾನ ಆಡಳಿತ 1999ರ ಸುಮಾರಿಗೆ ಅಲ್ಲಿ ಕ್ಯಾಪ್‌ಸ್ಟೋನ್ ಎಂಬ ಯೋಜನೆ ಕೈಗೊಂಡಿತು. ಸಣ್ಣ ವಿಮಾನಗಳಿಗೆ ಉಪಗ್ರಹ ಆಧಾರಿತ ಸ್ಥಾನಸೂಚಕ, ಬೆಟ್ಟಗಳನ್ನು ತೋರಿಸುವ ಪರದೆ, ಹವಾಮಾನ ಮಾಹಿತಿ ಇವುಗಳನ್ನು ಒದಗಿಸಿತು. ಅಂಥ ಸಾಧನ ಹೊಂದಿದ ವಿಮಾನಗಳ ಅಪಘಾತ ಪ್ರಮಾಣ ಗಣನೀಯವಾಗಿ ಇಳಿಯಿತು. ಇದರ ಜತೆಗೆ ಕಣಿವೆ, ಕಣಿವೆಬಾಯಿಗಳಲ್ಲಿ 200ಕ್ಕೂ ಹೆಚ್ಚು ಸ್ಥಳಗಳಲ್ಲಿ ಹವಾಮಾನ ಕ್ಯಾಮೆರಾ ಕೂಡಿಸಿತು. ಹೊರಡುವ ಮುನ್ನ ಪೈಲಟ್ ಮುಂದಿನ ಕಣಿವೆಯ ಈ ಕ್ಷಣದ ಚಿತ್ರವನ್ನೂ, ನಿರಭ್ರ ದಿನದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಇದಕ್ಕಿಂತ ಸರಳ ಉಪಾಯ ಇನ್ನೊಂದಿಲ್ಲ.

ನಮ್ಮಲ್ಲೂ ಕೆಲವು ಹೆಜ್ಜೆಗಳಾಗಿವೆ. ಜೂನ್ 15ರ ಬಳಿಕ ಸೇವೆ ನಿಲ್ಲಿಸಿ, ಮಳೆಗಾಲ ಕಳೆದು ಸೆಪ್ಟೆಂಬರ್‌ನಲ್ಲಿ ಮರಳಿ ಆರಂಭಿಸುವಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಗಾ ಬಿಗಿಗೊಳಿಸಿತು. ಸೋನ್‌ಪ್ರಯಾಗದಿಂದ ಕೇದಾರನಾಥಕ್ಕೆ 12.9 ಕಿ.ಮೀ. ಉದ್ದದ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದೆ. 4,081 ಕೋಟಿ ರೂ. ವೆಚ್ಚದ ಈ ಯೋಜನೆ ಪೂರ್ಣಗೊಂಡರೆ ಎಂಟೊಂಬತ್ತು ಗಂಟೆಗಳ ಚಾರಣ 36 ನಿಮಿಷಕ್ಕೆ ಇಳಿಯುತ್ತದೆಂಬುದು ಸರ್ಕಾರದ ಲೆಕ್ಕ. ಸೂಕ್ಷ್ಮ ಹಿಮಾಲಯದಲ್ಲಿ ಇದರ ಪರಿಸರ ಪರಿಣಾಮದ ಚರ್ಚೆ ಬೇರೆಯೇ ನಡೆಯಬೇಕು. ಆದರೆ ಹೆಲಿಕಾಪ್ಟರ್ ಮೇಲಿನ ಅವಲಂಬನೆಯನ್ನು ತಗ್ಗಿಸುವುದಂತೂ ನಿಜ.

ಅಲ್ಲಿಯವರೆಗೆ ಆಗಬೇಕಾದದ್ದು ಇಷ್ಟು. ಹಾರಬೇಕೋ ಬೇಡವೋ ಎಂಬ ತೀರ್ಮಾನ ಟಿಕೆಟ್ ಮಾರುವವನ ಕೈಯಲ್ಲೂ ಇರಬಾರದು, ಒಂಟಿ ಪೈಲಟ್‌ನ ಹೆಗಲ ಮೇಲೂ ಬೀಳಬಾರದು. ಕಣಿವೆಯ ಕ್ಯಾಮೆರಾ ಮತ್ತು ಮಾಪನ ಕೇಂದ್ರಗಳ ಆಧಾರದಲ್ಲಿ ಸ್ವತಂತ್ರ ಅಧಿಕಾರಿಯೊಬ್ಬರು ಕಣಿವೆಯನ್ನು ‘ತೆರೆದಿದೆ’ ಅಥವಾ ‘ಮುಚ್ಚಿದೆ’ ಎಂದು ಘೋಷಿಸಬೇಕು. ಹಾರಾಟ ರದ್ದಾದರೆ ಟಿಕೆಟ್ ಹಣ ತಕರಾರಿಲ್ಲದೆ ಮರಳಬೇಕು. ಪ್ರತಿ ಹೆಲಿಕಾಪ್ಟರಿನ ಚಲನೆ ದಾಖಲಾಗಿ, ಅಪಘಾತವಾಗದ ದಿನಗಳ ಉಲ್ಲಂಘನೆಯೂ ಪರಿಶೀಲನೆಗೆ ಒಳಪಡಬೇಕು. ಹಿಂದಿರುಗಿ ಬಂದ ಪೈಲಟ್‌ನಿಂದ ವಿವರಣೆ ಕೇಳುವ ಬದಲು ಮುಂದುವರಿದವನಿಂದ ಕೇಳುವ ಪದ್ಧತಿ ಬರಬೇಕು.

ಯಾತ್ರಿಕನ ಪಾಲೂ ಇದೆ

ಕೊನೆಯದಾಗಿ ನಮ್ಮ ಮಾತು. ಕೇದಾರಕ್ಕೂ ಕರ್ನಾಟಕಕ್ಕೂ ಇರುವ ನಂಟು ಹಳೆಯದು. ಅಲ್ಲಿನ ರಾವಲರು ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರು. ಪ್ರತಿವರ್ಷ ನಮ್ಮ ಊರುಗಳಿಂದ ತಂಡ ತಂಡವಾಗಿ ಜನ ಹೊರಡುತ್ತಾರೆ. ರಜೆ ಲೆಕ್ಕ ಹಾಕಿ, ರೈಲು ವಿಮಾನಗಳ ಟಿಕೆಟ್ ಮೊದಲೇ ಕಾದಿರಿಸಿ, ಒಂದು ದಿನವೂ ಹೆಚ್ಚಿಲ್ಲದ ಪ್ರವಾಸದ ಪಟ್ಟಿ ಹಿಡಿದು ಹೋಗುತ್ತಾರೆ. ಹೆಲಿಪ್ಯಾಡ್‌ನಲ್ಲಿ ಹಾರಾಟ ರದ್ದೆಂದರೆ ಸಿಬ್ಬಂದಿಯ ಮೇಲೆ ರೇಗುತ್ತಾರೆ. ಆ ರೇಗಾಟವೂ ಕಾಕ್‌ಪಿಟ್‌ವರೆಗೆ ತಲುಪುವ ಒತ್ತಡವೇ. ಪಟ್ಟಿಯಲ್ಲಿ ಎರಡು ದಿನ ಬಿಡುವಿಟ್ಟುಕೊಂಡು ಹೋಗುವುದು, ‘ಇಂದು ಹಾರುವುದಿಲ್ಲ’ ಎಂದವನಿಗೆ ಕೈಮುಗಿಯುವುದು ಪ್ರಯಾಣಿಕ ಮಾಡಬಹುದಾದ ದೊಡ್ಡ ಸುರಕ್ಷತಾ ಕ್ರಮ.

ಹೆಲಿಕಾಪ್ಟರ್ ಇಲ್ಲದಿದ್ದರೆ ಯಾತ್ರೆಯೇ ನಡೆಯದೆಂಬ ಮಾತೂ ಪೂರ್ಣ ಸತ್ಯವಲ್ಲ. 2025ರಲ್ಲಿ ಭದ್ರತೆಯ ಕಾರಣಕ್ಕೆ ಅಮರನಾಥ ಯಾತ್ರೆಗೆ ಹೆಲಿಕಾಪ್ಟರ್ ಸೇವೆಯೇ ಇರಲಿಲ್ಲ. ಆದರೂ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ದರ್ಶನ ಪಡೆದರು. ನಡೆಯಲಾಗದ ವೃದ್ಧರಿಗೆ, ರೋಗಿಗಳಿಗೆ ಈ ಸೇವೆ ಬೇಕೇ ಬೇಕು. ಹಾಗಿರುವಾಗ ಅದು ಅವರನ್ನು ಸುರಕ್ಷಿತವಾಗಿ ಕರೆದೊಯ್ಯುವಂತಿರಬೇಕು. ಅವಸರದವರ ವ್ಯಾಪಾರವಾಗಬಾರದು.

ಬೆಟ್ಟದ ಹವಾಮಾನವನ್ನು ಯಾವ ಸರ್ಕಾರವೂ ತಿದ್ದಲಾರದು. ತಿದ್ದಬಹುದಾದದ್ದು ವೇಳಾಪಟ್ಟಿ, ನಿಯಮ ಮತ್ತು ಅದನ್ನು ಜಾರಿಗೊಳಿಸುವ ಮನಸ್ಸು. ಮುಂದಿನ ಯಾತ್ರೆಯ ಬಾಗಿಲು ತೆರೆಯುವ ಮುನ್ನ ಆಳುವವರು ಹೇಳಬೇಕಾದದ್ದು ಒಂದೇ: ಕಣಿವೆ ಮುಚ್ಚಿದ ದಿನ ಹಾರಾಟ ನಿಲ್ಲಿಸುವ ಅಧಿಕಾರ ಯಾರಿಗಿದೆ, ನಿಲ್ಲಿಸಿದ್ದಕ್ಕಾಗಿ ಅವರ ಮೇಲೆ ಯಾರೂ ಮುನಿಯುವುದಿಲ್ಲ ಎಂಬ ಭರವಸೆ ಎಲ್ಲಿದೆ? ಇದಕ್ಕೆ ಸ್ಪಷ್ಟ ಉತ್ತರ ಬರುವವರೆಗೆ ‘ಪೈಲಟ್‌ನ ಲೋಪ’ ಎಂಬ ಷರಾವನ್ನು ಅಂತಿಮ ತೀರ್ಪೆಂದು ಒಪ್ಪಿಕೊಳ್ಳಲಾಗದು.